ಕಡಲ ಗಾಳಿಯ ಲೆಕ್ಕ: ಲೈಡಾರ್, ಉಪಗ್ರಹ ಮತ್ತು ಒಂದು ಪೂರ್ತಿ ಮುಂಗಾರು

ಕಡಲ ಗಾಳಿ ವಿದ್ಯುತ್ತಿಗಾಗಿ 7,453 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಜೂನ್ 19ರಂದು ಒಪ್ಪಿಗೆ ಕೊಟ್ಟಿತು. ಅದರಲ್ಲಿ 6,853 ಕೋಟಿ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟ್ ಸ್ಥಾವರ ಕಟ್ಟುವವರಿಗೆ ಕೊಡುವ ನೆರವು. 600 ಕೋಟಿ ಎರಡು ಬಂದರುಗಳನ್ನು ಸಜ್ಜುಗೊಳಿಸುವುದಕ್ಕೆ. ಅದೇ ವರ್ಷ ಗುಜರಾತಿನ 500 ಮೆಗಾವ್ಯಾಟ್‌ಗೆ ಟೆಂಡರ್ ಕರೆದರು, 2025ರಲ್ಲಿ ಅದು ರದ್ದಾಯಿತು. ಭಾರತದ ಕಡಲಲ್ಲಿ ಇವತ್ತಿಗೂ ವಿದ್ಯುತ್ ಮಾರುವ ಒಂದೇ ಒಂದು ಗಾಳಿಯಂತ್ರ ನಿಂತಿಲ್ಲ.

ಕಾರಣ ಒಂದೇ ಅಲ್ಲ. ಬಂದರಿಲ್ಲ, ದೊಡ್ಡ ಕ್ರೇನ್ ಹೊತ್ತ ಹಡಗಿಲ್ಲ, ವಿದ್ಯುತ್ ಕೊಳ್ಳುವವರು ಕೊಡುವ ದರಕ್ಕೂ ಕಟ್ಟುವ ಖರ್ಚಿಗೂ ಹೊಂದಿಕೆಯಿಲ್ಲ. ಇವೆಲ್ಲ ಪತ್ರಿಕೆಗಳಲ್ಲಿ ಬಂದಿವೆ. ಆದರೆ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಜಾಗದಲ್ಲಿ, ಆ ಎತ್ತರದಲ್ಲಿ ಗಾಳಿ ಎಷ್ಟು ಬೀಸುತ್ತದೆ ಎಂಬುದು ನಮಗೆ ಎಷ್ಟು ಖಚಿತವಾಗಿ ಗೊತ್ತು? ಸಾಲ ಕೊಡುವ ಬ್ಯಾಂಕು ನೋಡುವುದು ಗಾಳಿಯ ಸರಾಸರಿಯನ್ನಷ್ಟೇ ಅಲ್ಲ, ಆ ಸರಾಸರಿಯ ಹಿಂದಿರುವ ಅನಿಶ್ಚಿತತೆಯನ್ನೂ ನೋಡುತ್ತದೆ. ಎರಡನೆಯದನ್ನು ಇಳಿಸುವ ಕೆಲಸ ಇವತ್ತು ದೂರಸಂವೇದಿ ಉಪಕರಣಗಳದ್ದು. ನೀರಿನ ಮೇಲೆ ಕೂತು ಆಕಾಶಕ್ಕೆ ಲೇಸರ್ ಬಿಡುವ ಲೈಡಾರ್, ದಡದಿಂದ ಕಡಲನ್ನು ತಡಕುವ ಲೈಡಾರ್, ಮೇಲಿನಿಂದ ಅಲೆಗಳ ಒರಟುತನ ಓದುವ ಉಪಗ್ರಹ ರೇಡಾರ್ ಈ ಸಾಲಿನಲ್ಲಿ ಬರುತ್ತವೆ.

ಗಾಳಿಯೊಳಗಿನ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 7.5 ಮೀಟರ್ ಗಾಳಿಗೂ 8 ಮೀಟರ್ ಗಾಳಿಗೂ ವೇಗದಲ್ಲಿ ಅರ್ಧ ಮೀಟರಿನ ವ್ಯತ್ಯಾಸ, ಶಕ್ತಿಯಲ್ಲಿ ಶೇ 21. ಯಂತ್ರ ತನ್ನ ಗರಿಷ್ಠ ಸಾಮರ್ಥ್ಯ ಮುಟ್ಟಿದ ಮೇಲೆ ಹೆಚ್ಚಿನ ಗಾಳಿಯನ್ನು ಬಿಟ್ಟುಬಿಡುವುದರಿಂದ ಉತ್ಪಾದನೆಯ ಲೆಕ್ಕದಲ್ಲಿ ಇಷ್ಟು ದೊಡ್ಡ ಅಂತರ ಬರುವುದಿಲ್ಲ. ಆದರೂ ವೇಗದಲ್ಲಿ ಶೇ 1 ತಪ್ಪಿದರೆ ಯೂನಿಟ್‌ಗಳಲ್ಲಿ ಶೇ 1.5ರಿಂದ 2ರಷ್ಟು ತಪ್ಪು ಎಂದು ಹಿಡಿಯಬಹುದು. ಗಾಳಿ ಕಡಿಮೆಯಿರುವ ಜಾಗದಲ್ಲಿ ಈ ಅನುಪಾತ 2ರ ಹತ್ತಿರಕ್ಕೆ ಹೋಗುತ್ತದೆ. ಗುಜರಾತಿನ ಕಡಲು ಆ ಜಾತಿಯದು.

ಇದನ್ನು ರೂಪಾಯಿಗೆ ಇಳಿಸಿ ನೋಡೋಣ. 500 ಮೆಗಾವ್ಯಾಟ್ ಸ್ಥಾವರ ವರ್ಷವಿಡೀ ಸರಾಸರಿ ಶೇ 40ರ ಸಾಮರ್ಥ್ಯದಲ್ಲಿ ಓಡುತ್ತದೆ ಎಂದಿಟ್ಟುಕೊಂಡರೆ 175 ಕೋಟಿ ಯೂನಿಟ್. ಇದು ಐವತ್ತಕ್ಕೆ ಐವತ್ತು ಸಾಧ್ಯತೆಯ ಅಂದಾಜು. ಈ ಕಸುಬಿನವರು ಇದನ್ನು ಪಿ50 ಎನ್ನುತ್ತಾರೆ. ಬ್ಯಾಂಕು ಸಾಲವನ್ನು ಲೆಕ್ಕ ಹಾಕುವುದು ಪಿ90ರ ಮೇಲೆ, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಖಾತರಿಯಿಂದ ಸಿಗುವ ಪ್ರಮಾಣದ ಮೇಲೆ. ಒಟ್ಟು ಅನಿಶ್ಚಿತತೆ ಶೇ 10 ಇದ್ದರೆ ಪಿ90 ಎಂಬುದು ಪಿ50ರ ಶೇ 87. ಅನಿಶ್ಚಿತತೆಯನ್ನು ಶೇ 6ಕ್ಕೆ ಇಳಿಸಿದರೆ ಶೇ 92. ಗಾಳಿ ಅಷ್ಟೇ, ಯಂತ್ರ ಅಷ್ಟೇ, ಆದರೂ ಬ್ಯಾಂಕು ನಂಬುವ ಯೂನಿಟ್‌ಗಳು ವರ್ಷಕ್ಕೆ ಸುಮಾರು 9 ಕೋಟಿ ಹೆಚ್ಚುತ್ತವೆ. ಯೂನಿಟ್‌ಗೆ 4.50 ರೂಪಾಯಿ ಎಂದರೂ ವರ್ಷಕ್ಕೆ 40 ಕೋಟಿ. ಅಳತೆ ಸರಿಯಿಲ್ಲದ ಕಡೆ ಈ ಮೊತ್ತವನ್ನು ಬಿಡ್ಡುದಾರ ದರಕ್ಕೆ ಸೇರಿಸುತ್ತಾನೆ, ಇಲ್ಲವೇ ಬಿಡ್ಡನ್ನೇ ಹಾಕುವುದಿಲ್ಲ.

ಕಂಬದ ಕಾಲ ಮುಗಿದದ್ದು ಏಕೆ

ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಬಯಲಿನಲ್ಲಿ ಗಾಳಿ ಅಳೆಯಲು ಕಬ್ಬಿಣದ ಜಾಲರಿ ಕಂಬ ನಿಲ್ಲಿಸಿ, ನಾಲ್ಕು ಕಡೆ ತಂತಿ ಬಿಗಿದು, ಬಟ್ಟಲು ತಿರುಗುವ ಮಾಪಕ ಕಟ್ಟಿದರೆ ಸಾಕು. ಕಡಲಲ್ಲಿ ಅದೇ ಕಂಬಕ್ಕೆ ತಳದಲ್ಲಿ ಅಡಿಪಾಯ ಬೇಕು, ಅದನ್ನು ನೆಡಲು ಹಡಗು ಬೇಕು. ಖರ್ಚು ಹತ್ತಾರು ಕೋಟಿ ರೂಪಾಯಿ. ಜರ್ಮನಿ 2003ರಲ್ಲಿ ಉತ್ತರ ಸಮುದ್ರದ ಬೋರ್ಕುಮ್ ದ್ವೀಪದಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ ಫಿನೋ1 ಎಂಬ ಕಂಬ ನಿಲ್ಲಿಸಿತು. ಯುರೋಪಿನ ಕಡಲ ಗಾಳಿಯ ಬಗ್ಗೆ ನಮಗಿರುವ ತಿಳುವಳಿಕೆಯಲ್ಲಿ ದೊಡ್ಡ ಪಾಲು ಅಲ್ಲಿಂದ ಬಂದದ್ದು. ಆದರೆ ಅದರ ಮಾಪಕಗಳು ಸುಮಾರು 100 ಮೀಟರಿಗೆ ಮುಗಿಯುತ್ತವೆ. ಮುಂದೆ ಪಕ್ಕದಲ್ಲೇ ಆಲ್ಫಾ ವೆಂಟುಸ್ ಸ್ಥಾವರ ಎದ್ದ ಮೇಲೆ ಪೂರ್ವ ದಿಕ್ಕಿನಿಂದ ಬರುವ ಗಾಳಿ ಯಂತ್ರಗಳ ನೆರಳು ಹೊತ್ತು ಬರತೊಡಗಿತು. ಕಂಬವನ್ನು ಎತ್ತಿ ಬೇರೆ ಕಡೆ ನೆಡಲಾಗುವುದಿಲ್ಲ.

ಯಂತ್ರಗಳಂತೂ ಕಂಬವನ್ನು ಮೀರಿ ಬೆಳೆದಿವೆ. 15 ಮೆಗಾವ್ಯಾಟ್ ವರ್ಗದ ವೆಸ್ತಾಸ್ ಯಂತ್ರದ ರೋಟರ್, ಅಂದರೆ ರೆಕ್ಕೆಗಳ ಚಕ್ರದ ವ್ಯಾಸ 236 ಮೀಟರ್. ರೆಕ್ಕೆಗಳು ಕೂಡುವ ನಡುಭಾಗವನ್ನು, ಅಂದರೆ ಹಬ್ ಅನ್ನು, 150 ಮೀಟರಿನಲ್ಲಿ ಇಟ್ಟರೆ ರೆಕ್ಕೆಯ ತುದಿ ನೀರಿನಿಂದ 32 ಮೀಟರಿಗೆ ಇಳಿದು 268 ಮೀಟರಿಗೆ ಏರುತ್ತದೆ. 100 ಮೀಟರಿನಲ್ಲಿ ಅಳೆದದ್ದನ್ನು 150ಕ್ಕೆ ಏರಿಸಲು ಒಂದು ಘಾತ ಸೂತ್ರ ಬಳಸುವುದು ರೂಢಿ. ಅದರ ಘಾತಾಂಕ 0.08 ಎಂದು ಹಿಡಿದರೆ ವೇಗ ಶೇ 3.3 ಹೆಚ್ಚುತ್ತದೆ, 0.14 ಎಂದರೆ ಶೇ 5.8. ಎರಡೂ ಕಡಲಿನ ಮೇಲೆ ಸಹಜವಾಗಿ ಕಾಣಸಿಗುವ ಬೆಲೆಗಳೇ. ಯಾವುದನ್ನು ಆರಿಸಿಕೊಂಡಿರಿ ಎಂಬುದರ ಮೇಲೆಯೇ ಯೂನಿಟ್‌ಗಳು ಶೇ 4ರಷ್ಟು ಆಚೀಚೆ ಆಗಿಬಿಡುತ್ತವೆ. ಇನ್ನು ಬಿಸಿ ನೆಲದಿಂದ ಹೊರಟ ಗಾಳಿ ತಂಪು ನೀರಿನ ಮೇಲೆ ಜಾರುವಾಗ ಕೆಳಪದರ ಅಂಟಿಕೊಂಡಂತೆ ನಿಂತು, 100ರಿಂದ 300 ಮೀಟರ್ ನಡುವೆ ವೇಗದ ಒಂದು ಪಟ್ಟಿ ಹುಟ್ಟುತ್ತದೆ. ಅದರ ಮೇಲೆ ಗಾಳಿ ಮತ್ತೆ ಇಳಿಯುತ್ತದೆ. ಏರಿ ಇಳಿಯುವ ಈ ಆಕಾರವನ್ನು ಏರುತ್ತಲೇ ಹೋಗುವ ಸೂತ್ರ ಹಿಡಿಯಲಾರದು. ಆ ಎತ್ತರದಲ್ಲೇ ಅಳೆಯಬೇಕು.

ಬೆಳಕಿನ ಮಾಪಕ

ಲೈಡಾರ್ ಗಾಳಿಯನ್ನು ನೇರವಾಗಿ ಮುಟ್ಟುವುದಿಲ್ಲ. ಗಾಳಿಯ ಜೊತೆ ತೇಲುವ ಉಪ್ಪಿನ ಕಣ, ಧೂಳು, ಹೊಗೆಯ ಮೇಲೆ ಸುಮಾರು 1.55 ಮೈಕ್ರೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಲೇಸರ್ ಬಿಟ್ಟು ಹಿಂತಿರುಗಿದ ಬೆಳಕಿನ ಆವರ್ತನ ಎಷ್ಟು ಬದಲಾಗಿದೆ ಎಂದು ನೋಡುತ್ತದೆ. ಕಿರಣದ ನೇರದಲ್ಲಿ ಸೆಕೆಂಡಿಗೆ 1 ಮೀಟರ್ ವೇಗವಿದ್ದರೆ ಬದಲಾವಣೆ 1.29 ಮೆಗಾಹರ್ಟ್ಸ್. ಒಂದು ಕಿರಣ ಒಂದೇ ದಿಕ್ಕಿನ ವೇಗ ಕೊಡುವುದರಿಂದ ಲಂಬಕ್ಕೆ ಸುಮಾರು 28ರಿಂದ 30 ಡಿಗ್ರಿ ಓರೆಯಾಗಿ ಹಲವು ದಿಕ್ಕಿಗೆ ಬಿಟ್ಟು, ಅವುಗಳನ್ನು ಜೋಡಿಸಿ ಅಡ್ಡಗಾಳಿಯನ್ನು ಲೆಕ್ಕ ಹಾಕುತ್ತಾರೆ.

ಮಾರುಕಟ್ಟೆಯಲ್ಲಿರುವುದು ಎರಡು ಬಗೆ. ವಿಂಡ್‌ಕ್ಯೂಬ್ ಜಾತಿಯದು ಬೆಳಕನ್ನು ಮಿಡಿತಗಳಾಗಿ ಬಿಡುತ್ತದೆ. 150 ಮೀಟರ್ ಎತ್ತರದ ಪ್ರತಿಧ್ವನಿ ಬರಲು ಸುಮಾರು ಒಂದು ಮೈಕ್ರೋಸೆಕೆಂಡ್ ಸಾಕು. ಹೊತ್ತು ನೋಡಿ ಎತ್ತರ ಗುರುತಿಸುತ್ತದೆ. ಪ್ರತಿ ಎತ್ತರದಲ್ಲೂ ಸುಮಾರು 20 ಮೀಟರ್ ದಪ್ಪದ ಗಾಳಿಪದರದ ಸರಾಸರಿ ಸಿಗುತ್ತದೆ. ಝೆಡ್‌ಎಕ್ಸ್ 300 ಜಾತಿಯದು ನಿರಂತರ ಕಿರಣ ಬಿಟ್ಟು ಮಸೂರದ ಫೋಕಸ್ ಬದಲಿಸಿ ಎತ್ತರ ಆರಿಸುತ್ತದೆ. ಇದರಲ್ಲಿ ಅಳೆಯುವ ಪದರದ ದಪ್ಪ ದೂರದ ವರ್ಗಕ್ಕೆ ತಕ್ಕಂತೆ ಹಿಗ್ಗುತ್ತದೆ. 100 ಮೀಟರಿನಲ್ಲಿ ಸುಮಾರು 15 ಮೀಟರ್ ಇದ್ದದ್ದು 200 ಮೀಟರಿನಲ್ಲಿ 60 ಮೀಟರ್ ಆಗುತ್ತದೆ. ಫೋಕಸ್‌ನ ಆಚೆ ತೆಳ್ಳನೆಯ ಮೋಡವಿದ್ದರೆ ಅದರ ಬೆಳಕು ಒಳನುಗ್ಗಿ ಮೋಡದ ವೇಗವನ್ನೇ ಗಾಳಿಯ ವೇಗವೆಂದು ತೋರಿಸಬಹುದು. ಅಲ್ಲದೆ ಈ ಬಗೆಯ ಲೈಡಾರಿಗೆ ಗಾಳಿ ಮುಂದಿನಿಂದ ಬಂದದ್ದೋ ಹಿಂದಿನಿಂದ ಬಂದದ್ದೋ ತಾನಾಗಿ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕಟ್ಟಿದ ಪುಟ್ಟ ಗಾಳಿದಿಕ್ಕಿನ ಮಾಪಕವನ್ನು ನೋಡಿ ತೀರ್ಮಾನಿಸುತ್ತದೆ. ಆ ಪುಟ್ಟ ಮಾಪಕ ಕೆಟ್ಟರೆ ದಿಕ್ಕಿನ ದಾಖಲೆಯಲ್ಲಿ 180 ಡಿಗ್ರಿಯ ಜಿಗಿತಗಳು ಕಾಣುತ್ತವೆ. ಸಾವಿರಗಳ ಉಪಕರಣ ಕೋಟಿಗಳ ಉಪಕರಣವನ್ನು ದಾರಿ ತಪ್ಪಿಸುವ ಜಾಗ ಇದು. ಬಿಡಿಭಾಗದ ಪಟ್ಟಿಯಲ್ಲಿ ಇದನ್ನು ಎರಡು ಇಟ್ಟುಕೊಳ್ಳಬೇಕು.

ಭಾರತದ ಕಡಲಲ್ಲಿ ಈ ಕೆಲಸ ಶುರುವಾದದ್ದು 2017ರ ನವೆಂಬರಿನಲ್ಲಿ. ಗುಜರಾತಿನ ಪಿಪಾವಾವ್ ದಡದಿಂದ ಸುಮಾರು 23 ಕಿಲೋಮೀಟರ್ ಆಚೆ, ಖಂಭಾತ್ ಕೊಲ್ಲಿಯ ಬಾಯಿಯಲ್ಲಿ, ತಳಕ್ಕೆ ನೆಟ್ಟ ಒಂದೇ ಉಕ್ಕಿನ ಕೊಳವೆಯ ಮೇಲೆ ವೇದಿಕೆ ಕಟ್ಟಿ ಲೈಡಾರ್ ಕೂರಿಸಿದರು. ಯುರೋಪಿಯನ್ ಒಕ್ಕೂಟದ ನೆರವಿನ ಫೋವಿಂಡ್ ಯೋಜನೆಯೂ ಚೆನ್ನೈನಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯೂ ಸೇರಿ ಮಾಡಿದ ಕೆಲಸ ಅದು. ದತ್ತಾಂಶವನ್ನು ಸಂಸ್ಥೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಿತು. ಅದೊಂದು ಒಳ್ಳೆಯ ಆರಂಭ. ಆದರೆ ಫೋವಿಂಡ್ ಗುರುತಿಸಿದ್ದು ಗುಜರಾತಿನಲ್ಲಿ 8, ತಮಿಳುನಾಡಿನಲ್ಲಿ 8 ವಲಯಗಳನ್ನು. ಒಟ್ಟು ಅಂದಾಜು ಸಾಮರ್ಥ್ಯ 70 ಗಿಗಾವ್ಯಾಟ್. ಅಷ್ಟು ವಿಸ್ತಾರಕ್ಕೆ ಒಂದು ಚುಕ್ಕಿಯ ಎರಡು ವರ್ಷದ ಅಳತೆ ಸಾಲದು. ಕರ್ನಾಟಕದ ಕರಾವಳಿ ಈ ಮೊದಲ ಪಟ್ಟಿಯಲ್ಲಿಲ್ಲ.

ತೇಲುವ ಲೈಡಾರ್: ಏನು ಸರಿ, ಏನು ಕೆಡುತ್ತದೆ

ತಳಕ್ಕೆ ಕೊಳವೆ ನೆಡುವ ಬದಲು ಲಂಗರು ಹಾಕಿದ ಬೋಯ್ (ತೇಲುಬುರುಡೆ) ಮೇಲೆ ಲೈಡಾರ್ ಇಟ್ಟರೆ ಖರ್ಚು ಹಲವು ಪಟ್ಟು ಇಳಿಯುತ್ತದೆ, ಕೆಲಸ ಮುಗಿದ ಮೇಲೆ ಎಳೆದುಕೊಂಡು ಬೇರೆಡೆ ಹೋಗಬಹುದು. ಅಲೆಯ ಮೇಲೆ ಓಲಾಡುವ ಉಪಕರಣ ಗಾಳಿಯನ್ನು ಸರಿಯಾಗಿ ಅಳೆಯುವುದು ಹೇಗೆ ಎಂಬ ಸಂದೇಹ ಸಹಜ. 10 ನಿಮಿಷದ ಸರಾಸರಿ ತೆಗೆದಾಗ ಮುಂದಕ್ಕೆ ವಾಲಿದ್ದೂ ಹಿಂದಕ್ಕೆ ವಾಲಿದ್ದೂ ಬಹುಪಾಲು ವಜಾ ಆಗುತ್ತವೆ. ಸರಾಸರಿ ವೇಗ ಆಶ್ಚರ್ಯವಾಗುವಷ್ಟು ಚೆನ್ನಾಗಿ ಬರುತ್ತದೆ. ವಜಾ ಆಗದೆ ಉಳಿಯುವುದು ಗಾಳಿಯ ಕುಲುಕಾಟದ ಅಳತೆ. ಬೋಯ್‌ನ ಓಲಾಟ ಗಾಳಿಯ ಏರಿಳಿತದ ಲೆಕ್ಕಕ್ಕೆ ಸೇರಿಕೊಂಡು ಅದನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ರೆಕ್ಕೆಯ ಆಯಸ್ಸು, ಯಂತ್ರಗಳ ನಡುವಿನ ಅಂತರ ಎರಡೂ ಈ ಅಂಕಿಯ ಮೇಲೆ ನಿಂತಿರುವುದರಿಂದ ಬೋಯ್‌ನ ಚಲನೆಯನ್ನು ಸೆಕೆಂಡಿಗೆ ಹಲವು ಬಾರಿ ದಾಖಲಿಸುವ ಮಾಪಕ ಕಡ್ಡಾಯ. ಅದರ ಗಡಿಯಾರವೂ ಲೈಡಾರಿನ ಗಡಿಯಾರವೂ ಒಂದೇ ಜಿಪಿಎಸ್ ಸಮಯಕ್ಕೆ ಕಟ್ಟಿರಬೇಕು. ಎರಡರ ನಡುವೆ ಅರ್ಧ ಸೆಕೆಂಡ್ ಜಾರಿದರೂ ತಿದ್ದುಪಡಿ ತಿದ್ದುವ ಬದಲು ಕೆಡಿಸುತ್ತದೆ.

ಇಂಥ ಬೋಯ್‌ಗಳನ್ನು ನಂಬಬೇಕೇ ಬೇಡವೇ ಎಂದು ತೀರ್ಮಾನಿಸಲು ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ 2013ರಲ್ಲಿ ಮಾರ್ಗಸೂಚಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿತು. ಹೆಚ್ಚಿನ ಬ್ಯಾಂಕುಗಳು ಇಂದು ಕೇಳುವುದು ಅದನ್ನೇ. ಬೋಯ್ ಅನ್ನು ಸ್ಥಿರವಾದ ಒಂದು ಕಂಬದ ಅಥವಾ ವೇದಿಕೆ ಲೈಡಾರಿನ ಹತ್ತಿರ ನಿಲ್ಲಿಸಿ ಎರಡರ 10 ನಿಮಿಷದ ಸರಾಸರಿಗಳನ್ನು ಹೋಲಿಸುತ್ತಾರೆ. ಒಂದರ ಎದುರು ಇನ್ನೊಂದನ್ನಿಟ್ಟು ಎಳೆದ ರೇಖೆಯ ಇಳಿಜಾರು 0.98 ಮತ್ತು 1.02ರ ನಡುವೆ ಇದ್ದರೆ ಉತ್ತಮ, 0.97ರಿಂದ 1.03 ಕನಿಷ್ಠ ಮಟ್ಟ. ಹೊಂದಾಣಿಕೆಯ ಗುಣಾಂಕ 0.98 ಮೀರಿದರೆ ಉತ್ತಮ. ದಿಕ್ಕಿನಲ್ಲಿ ವ್ಯತ್ಯಾಸ 5 ಡಿಗ್ರಿಯ ಒಳಗಿದ್ದರೆ ಉತ್ತಮ. ದತ್ತಾಂಶ ಲಭ್ಯತೆ ಯಾವ ತಿಂಗಳಲ್ಲೂ ಶೇ 80ಕ್ಕೆ ಇಳಿಯಬಾರದು, ಒಟ್ಟಾರೆ ಶೇ 85 ಇರಬೇಕು. ಸರಾಸರಿಯೊಂದನ್ನೇ ನೋಡಿ ತೃಪ್ತಿಪಡಬಾರದು. ಸೆಕೆಂಡಿಗೆ 12 ಮೀಟರಿಗಿಂತ ಹೆಚ್ಚಿನ ವೇಗದ ದಾಖಲೆಗಳು ಸಾಕಷ್ಟಿವೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು. ಫೆಬ್ರವರಿಯ ಮಂದ ಗಾಳಿಯಲ್ಲಿ ಪರೀಕ್ಷೆ ಪಾಸಾದ ಬೋಯ್ ಜುಲೈನ ಅಲೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಆ ಪರೀಕ್ಷೆ ಹೇಳುವುದಿಲ್ಲ.

ನಮ್ಮ ಕಡಲಿಗೇ ಸೇರಿದ ತೊಡಕುಗಳೂ ಇವೆ. ಖಂಭಾತ್ ಕೊಲ್ಲಿಯ ಭರತ–ಇಳಿತ ದೇಶದಲ್ಲೇ ದೊಡ್ಡದು. ಕೊಲ್ಲಿಯ ಒಳತುದಿಯಲ್ಲಿ 10 ಮೀಟರ್ ಮುಟ್ಟುತ್ತದೆ. ವೇದಿಕೆಯ ಮೇಲಿನ ಲೈಡಾರ್ ಸ್ಥಿರ ಮಟ್ಟದಿಂದ ಎತ್ತರ ಎಣಿಸುತ್ತದೆ, ಬೋಯ್ ಲೈಡಾರ್ ನೀರಿನ ಮಟ್ಟದಿಂದ. ಯಂತ್ರದ ಹಬ್ ಸ್ಥಿರ, ನೀರು ಮಾತ್ರ ಏರಿಳಿಯುತ್ತದೆ. 100 ಮೀಟರಿನ ಸುಮಾರಿಗೆ 5 ಮೀಟರ್ ವ್ಯತ್ಯಾಸ ವೇಗದಲ್ಲಿ ಶೇ 0.5ರಷ್ಟು ಬರುತ್ತದೆ. ಸರಾಸರಿಯಲ್ಲಿ ಅದು ಅಳಿಸಿಹೋಗಬಹುದು, ಆದರೆ ವೇದಿಕೆಗೂ ಬೋಯ್‌ಗೂ ಹೋಲಿಕೆ ಮಾಡುವಾಗ ಉಬ್ಬರದ ದಾಖಲೆ ಸೇರಿಸದಿದ್ದರೆ ಎರಡೂ ಸರಿಯಿದ್ದೂ ಒಂದು ತಪ್ಪೆಂದು ಕಾಣುತ್ತದೆ. ನೀರಿನ ಸೆಳೆತ ಲಂಗರಿನ ಸರಪಳಿಯನ್ನು ಸವೆಸುತ್ತದೆ. ತಳದ ಕೆಸರಿನಲ್ಲಿ ಸರಪಳಿ ದಿನಕ್ಕೆ ಹಲವು ಸಲ ಎಳೆದಾಡುವುದರಿಂದ ಅದು ನೆಲ ಮುಟ್ಟುವ ಜಾಗದ ಕೊಂಡಿಗಳು ಮೊದಲು ತೆಳುವಾಗುತ್ತವೆ. ಬೋಯ್ ಎಳೆದಾಗಲೆಲ್ಲ ಆ ಕೊಂಡಿಗಳ ದಪ್ಪ ಅಳೆದು ಬರೆದಿಡಬೇಕು.

ಮೀನುಗಾರಿಕೆಯ ಮಾತು ಬೇರೆಯೇ. ತೇಲುವ ವಸ್ತುವಿನ ನೆರಳಿಗೆ ಮೀನು ಸೇರುತ್ತದೆ, ಮೀನಿದ್ದಲ್ಲಿಗೆ ದೋಣಿ ಬರುತ್ತದೆ. ಬೋಯ್‌ಗೆ ದೋಣಿ ಕಟ್ಟುವುದು, ಬಲೆ ಸಿಕ್ಕಿಕೊಳ್ಳುವುದು, ಸೌರ ಫಲಕ ಬಿಚ್ಚಿಕೊಂಡು ಹೋಗುವುದು, ಹವಾಮಾನ ಬೋಯ್‌ಗಳನ್ನು 1997ರಿಂದ ನಡೆಸಿಕೊಂಡು ಬಂದಿರುವ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗೆ ಹಳೆಯ ಅನುಭವ. ಬೋಯ್ ಇಳಿಸುವ ಮೊದಲು ಆ ಬಂದರಿನ ಮೀನುಗಾರರ ಸಂಘಗಳ ಜೊತೆ ಕೂತು, ಜಾಗ ಮತ್ತು ಲಂಗರಿನ ಹರವು ನಕ್ಷೆಯಲ್ಲಿ ತೋರಿಸಿ, ಬಲೆ ಹರಿದರೆ ಪರಿಹಾರ ಯಾರು ಕೊಡುತ್ತಾರೆಂದು ಮೊದಲೇ ಬರೆದುಕೊಳ್ಳುವುದು ಯಾವ ಎಚ್ಚರಿಕೆ ದೀಪಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುತ್ತದೆ. ಆ 61 ದಿನ ಬಲೆಯ ಭಯ ಕಡಿಮೆ, ಆದರೆ ಕೆಟ್ಟುಹೋದರೆ ಸರಿಪಡಿಸಲು ನಾವೂ ಹೋಗಲಾರೆವು. ಪೂರ್ವದಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14.

ವಿದ್ಯುತ್ ಇನ್ನೊಂದು ತಲೆನೋವು. ಲೈಡಾರ್ ಒಂದಕ್ಕೇ 70 ವ್ಯಾಟ್ ಎಂದರೆ ದಿನಕ್ಕೆ 1.7 ಯೂನಿಟ್. ಇದಕ್ಕೆ ಸಂವಹನ, ದೀಪ, ಅಲೆಮಾಪಕ, ಗಾಜು ಒರೆಸುವ ಮೋಟಾರು ಸೇರುತ್ತವೆ. ಮುಂಗಾರಿನಲ್ಲಿ ಸೌರ ಫಲಕ ಸೊರಗುತ್ತದೆ. ಆದ್ದರಿಂದ ಮೆಥನಾಲ್ ಇಂಧನಕೋಶ ಇಡುತ್ತಾರೆ, ಕೆಲವರು ಪುಟ್ಟ ಗಾಳಿಯಂತ್ರವನ್ನೂ ಕೂರಿಸುತ್ತಾರೆ. ಅಮೆರಿಕದ ಇಂಧನ ಇಲಾಖೆ 2020ರಲ್ಲಿ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಎದುರು ಇಳಿಸಿದ ಬೋಯ್ ಚಳಿಗಾಲದ ಅಲೆಗೆ ಸಿಕ್ಕಿ ವಿದ್ಯುತ್ ಕಳೆದುಕೊಂಡಿತು. ದತ್ತಾಂಶದಲ್ಲಿ ತಿಂಗಳುಗಳ ಕಂದಕ ಬಿತ್ತು. ನಮ್ಮಲ್ಲಿ ಮೇ ಮೂರನೇ ವಾರದೊಳಗೆ ಇಂಧನ ತುಂಬಿಸಿ, ಕಿಟಕಿ ಗಾಜಿನ ಉಪ್ಪು ತೊಳೆದು, ಒರೆಸುವ ರಬ್ಬರು ಬದಲಿಸಿ ಬರದಿದ್ದರೆ ಸೆಪ್ಟೆಂಬರ್ ಕೊನೆಯವರೆಗೆ ದೋಣಿ ಹತ್ತಿರ ಹೋಗುವುದು ಕಷ್ಟ. ಆದ್ದರಿಂದ ಇಂಧನವನ್ನು ಕನಿಷ್ಠ 150 ದಿನಕ್ಕೆ ಲೆಕ್ಕ ಹಾಕಬೇಕು.

ಎಲ್ಲಕ್ಕಿಂತ ಮೋಸದ ತಪ್ಪು ದತ್ತಾಂಶ ಕಳೆದುಹೋಗುವ ರೀತಿಯಲ್ಲಿದೆ. ಜೋರು ಮಳೆ ಗಾಳಿಯಲ್ಲಿನ ಕಣಗಳನ್ನು ತೊಳೆದುಬಿಡುತ್ತದೆ, ಹನಿಗಳು ತಾವೇ ಬೆಳಕು ಹಿಂತಿರುಗಿಸಿ ಲಂಬ ವೇಗವನ್ನು ಕೆಡಿಸುತ್ತವೆ, ಕೆಳಗಿಳಿದ ಮೋಡ ಮೇಲಿನ ಎತ್ತರಗಳನ್ನು ಮುಚ್ಚುತ್ತದೆ. ಸಂಕೇತದ ಬಲ ಮಿತಿಗಿಂತ ಕೆಳಗಿಳಿದಾಗ ತಂತ್ರಾಂಶ ಆ 10 ನಿಮಿಷವನ್ನು ಕೈಬಿಡುತ್ತದೆ. ನಮ್ಮ ಕಡಲಲ್ಲಿ ಮಳೆಯೂ ಜೋರು ಗಾಳಿಯೂ ಒಟ್ಟಿಗೇ ಬರುವುದರಿಂದ ಕೈಬಿಟ್ಟ ಗಳಿಗೆಗಳು ಹೆಚ್ಚಾಗಿ ಗಾಳಿ ಜೋರಾಗಿದ್ದ ಗಳಿಗೆಗಳೇ. ವರ್ಷದ ಲಭ್ಯತೆ ಶೇ 88 ಎಂಬ ಅಂಕಿ ಚೆನ್ನಾಗಿ ಕಾಣುತ್ತದೆ. ಕಳೆದುಹೋದ ಶೇ 12 ಬಹುತೇಕ ಜುಲೈಗೆ ಸೇರಿದ್ದರೆ ಸರಾಸರಿಯೇ ತಪ್ಪು. ಮೇಲಿನ ಎತ್ತರಗಳಲ್ಲಿ ಹೆಚ್ಚು ಕಳೆದುಹೋಗುವುದರಿಂದ ಎತ್ತರಕ್ಕೆ ತಕ್ಕ ಏರಿಕೆಯ ಚಿತ್ರವೂ ವಾಲುತ್ತದೆ. ಮೊದಲು ತಿಂಗಳುವಾರು ಸರಾಸರಿ ತೆಗೆದು ಆಮೇಲೆ ವರ್ಷಕ್ಕೆ ಕೂಡಿಸಬೇಕು. ಕಂದಕಗಳನ್ನು ಬೋಯ್ ಮೇಲಿನ ಮಾಪಕದಿಂದಲೋ ಪಕ್ಕದ ಎರಡನೇ ಬೋಯ್‌ನಿಂದಲೋ ತುಂಬಬೇಕು, ಹಾಗೆ ತುಂಬಿದ ಪ್ರತಿ ಸಾಲಿಗೂ ಗುರುತು ಹಾಕಬೇಕು. ಎರಡನೇ ಬೋಯ್ ದುಬಾರಿ ಎನಿಸುತ್ತದೆ. ಆದರೆ ಒಂದು ಮುಂಗಾರು ಕೈತಪ್ಪಿದರೆ ಮುಂದಿನ ಜೂನ್‌ವರೆಗೆ ಕಾಯಬೇಕು.

ದಡದ ಹತ್ತಿರದ ಜಾಗಗಳಿಗೆ ಬೋಯ್ ಬೇಡ ಎನ್ನುವವರಿದ್ದಾರೆ. ದಡದಲ್ಲಿ ಎರಡು ತಿರುಗುವ ಲೈಡಾರ್ ಇಟ್ಟು ಎರಡರ ಕಿರಣಗಳೂ ಕಡಲ ಮೇಲೆ ಒಂದೇ ಬಿಂದುವಿನಲ್ಲಿ ಸಂಧಿಸುವಂತೆ ಮಾಡಿದರೆ 10 ಕಿಲೋಮೀಟರ್‌ವರೆಗೂ ಅಳೆಯಬಹುದು. ಡೆನ್ಮಾರ್ಕಿನಲ್ಲಿ, ಜಪಾನಿನಲ್ಲಿ ಇದು ನಡೆದಿದೆ. ಆದರೆ ಕಿರಣದ ಓರೆಯಲ್ಲಿ 0.1 ಡಿಗ್ರಿ ತಪ್ಪಿದರೆ 10 ಕಿಲೋಮೀಟರ್ ಆಚೆ ಎತ್ತರ 17 ಮೀಟರ್ ತಪ್ಪುತ್ತದೆ, ಭೂಮಿಯ ಬಾಗು ಸುಮಾರು 8 ಮೀಟರ್ ಸೇರಿಸುತ್ತದೆ. ಉಪಕರಣದ ಕಾಲಡಿ ಕಾಂಕ್ರೀಟು ಬಿಸಿಲಿಗೆ ಹಿಗ್ಗಿ ಕುಗ್ಗಿದರೂ ಸಾಕು. ವಾರಕ್ಕೊಮ್ಮೆ ಸ್ಥಿರ ಗುರುತೊಂದಕ್ಕೆ, ದೀಪಸ್ತಂಭವೋ ಬಂದರಿನ ಕಂಬವೋ ಏನಾದರೂ, ಕಿರಣ ತಾಗಿಸಿ ಪರೀಕ್ಷಿಸಬೇಕು.

ಮೇಲಿನಿಂದ ನೋಡುವ ಕಣ್ಣು

ಬೋಯ್ ಒಂದು ಬಿಂದುವಿನ ಕಥೆ ಹೇಳುತ್ತದೆ. ವಲಯದ ಈ ತುದಿಗೂ ಆ ತುದಿಗೂ ಗಾಳಿ ಎಷ್ಟು ಬದಲಾಗುತ್ತದೆ ಎಂದು ತಿಳಿಯಲು ಉಪಗ್ರಹದ ಮೊರೆ ಹೋಗಬೇಕು. ಗಾಳಿ ನೀರಿನ ಮೈಮೇಲೆ ಕೆಲವೇ ಸೆಂಟಿಮೀಟರ್ ಉದ್ದದ ಕಿರುತೆರೆ ಎಬ್ಬಿಸುತ್ತದೆ. ಅಷ್ಟೇ ಉದ್ದದ ರೇಡಾರ್ ಅಲೆ ಅದರಿಂದ ಚದುರಿ ಹಿಂತಿರುಗುತ್ತದೆ. ಒರಟು ಹೆಚ್ಚಿದಷ್ಟೂ ಸಂಕೇತ ಹೆಚ್ಚು. ಯುರೋಪಿನ ಸೆಂಟಿನೆಲ್-1 ಉಪಗ್ರಹಗಳ ರೇಡಾರ್ ಇದರಿಂದ ಸುಮಾರು 1 ಕಿಲೋಮೀಟರ್ ಸೂಕ್ಷ್ಮತೆಯ ಗಾಳಿ ನಕ್ಷೆ ಕೊಡಬಲ್ಲದು. ದತ್ತಾಂಶ ಉಚಿತ. ಇಸ್ರೋದ ಸ್ಕ್ಯಾಟ್‌ಸ್ಯಾಟ್-1 (2016ರಿಂದ 2021ರವರೆಗೆ) ಮತ್ತು 2022ರ ನವೆಂಬರಿನಲ್ಲಿ ಹಾರಿದ ಓಷನ್‌ಸ್ಯಾಟ್-3 ಹೊತ್ತ, ಇದೇ ತತ್ವದಿಂದ ಗಾಳಿ ಅಳೆಯುವ ಸ್ಕ್ಯಾಟೆರೋಮೀಟರ್‌ಗಳದು ಒರಟು ಜಾಲ, ಹತ್ತಾರು ಕಿಲೋಮೀಟರಿನದು, ಆದರೆ ಗುಡಿಸುವ ಅಗಲ ದೊಡ್ಡದು, ನಮ್ಮ ಕಡಲ ಮೇಲೆ ಹಾಯುವುದೂ ಹೆಚ್ಚು.

ಇವುಗಳ ಮಿತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಉಪಗ್ರಹ ಕೊಡುವುದು 10 ಮೀಟರ್ ಎತ್ತರದ ಗಾಳಿ, ಅದೂ ಗಾಳಿಪದರಕ್ಕೆ ಬಿಸಿ–ತಂಪಿನ ಪ್ರಭಾವವೇ ಇಲ್ಲವೆಂದು ಊಹಿಸಿದ ಗಾಳಿ. ಹಬ್ ಎತ್ತರಕ್ಕೆ ಏರಿಸಲು ನೀರಿನ ಮತ್ತು ಗಾಳಿಯ ಉಷ್ಣತೆಯ ವ್ಯತ್ಯಾಸ ಬೇಕು. ಲೈಡಾರ್ ಇರುವ ಜಾಗದಲ್ಲಿ ಆ ಏರಿಕೆಯನ್ನು ಕಲಿತು ಉಳಿದೆಡೆಗೆ ಹರಡುವುದೇ ಈಗಿನ ಒಳ್ಳೆಯ ವಿಧಾನ. ಸ್ಕ್ಯಾಟೆರೋಮೀಟರ್ ದಡದಿಂದ 20–30 ಕಿಲೋಮೀಟರ್ ಒಳಗೆ ನೆಲದ ಪ್ರತಿಧ್ವನಿ ಬೆರೆತು ಕುರುಡಾಗುತ್ತದೆ. ಮೊದಲ ಸ್ಥಾವರಗಳು ಬರಬೇಕಾದ್ದು ಅಲ್ಲೇ. ಇಸ್ರೋ ಬಳಸುವ 13.5 ಗಿಗಾಹರ್ಟ್ಸ್ ಅಲೆಗೆ ಮಳೆ ಹೆಚ್ಚು ಅಡ್ಡಬರುತ್ತದೆ, ಸೆಂಟಿನೆಲ್‌ನ 5.4 ಗಿಗಾಹರ್ಟ್ಸ್‌ಗೆ ಕಡಿಮೆ. ಸೆಂಟಿನೆಲ್-1 ನಮ್ಮ ಮೇಲೆ ಹಾಯುವುದು ಬೆಳಗಿನ 6 ಮತ್ತು ಸಂಜೆ 6ರ ಆಸುಪಾಸಿನಲ್ಲಿ ಮಾತ್ರ. ಮಧ್ಯಾಹ್ನ ಏರಿ ರಾತ್ರಿ ತಿರುಗುವ ಕಡಲಗಾಳಿ–ನೆಲಗಾಳಿಯ ಆಟ ಅದರ ಕಣ್ಣಿಗೆ ಪೂರ್ತಿ ಬೀಳುವುದಿಲ್ಲ. ಹಾಗಾಗಿ ಉಪಗ್ರಹದ ಸರಾಸರಿಯನ್ನು ನೇರವಾಗಿ ಬಳಸದೆ ಎರಡು ಬಿಂದುಗಳ ನಡುವಿನ ಅನುಪಾತವನ್ನು ಮಾತ್ರ ಅದರಿಂದ ಪಡೆಯಬೇಕು.

ಕಾಲದ ಉದ್ದ ಬೇಕೆಂದರೆ ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ಮರುವಿಶ್ಲೇಷಣೆ ಇದೆ, ಹಳೆಯ ಅಳತೆಗಳನ್ನು ಕಂಪ್ಯೂಟರ್ ಮಾದರಿಗೆ ಹೊಂದಿಸಿ ಕಟ್ಟಿದ್ದು ಅದು. 1940ರಿಂದ ಗಂಟೆಗಂಟೆಯ ದಾಖಲೆ, ಸುಮಾರು 31 ಕಿಲೋಮೀಟರ್ ಜಾಲ. ಒಂದು ಮುಂಗಾರು ಜೋರು, ಇನ್ನೊಂದು ಸಪ್ಪೆ. ವರ್ಷದ ಸರಾಸರಿ ವೇಗ ಶೇ 5ರಷ್ಟು ಆಚೀಚೆ ಆಗುವುದು ಸಾಮಾನ್ಯ. ಲೈಡಾರಿನ ಒಂದೆರಡು ವರ್ಷವನ್ನು ಅದೇ ಗಂಟೆಗಳ ಇಆರ್‌ಎ5 ಜೊತೆ ಹೋಲಿಸಿ, ಸಿಕ್ಕ ಸಂಬಂಧವನ್ನು 20 ವರ್ಷಕ್ಕೆ ಹಿಗ್ಗಿಸುತ್ತಾರೆ. ಈ ಸಂಬಂಧವನ್ನು ಮುಂಗಾರಿಗೆ, ಹಿಂಗಾರಿಗೆ, ನಡುವಿನ ತಿಂಗಳುಗಳಿಗೆ ಬೇರೆಬೇರೆಯಾಗಿ ಕಟ್ಟಬೇಕು. ವರ್ಷಕ್ಕೆಲ್ಲ ಒಂದೇ ಗೆರೆ ಎಳೆದರೆ ಮೇ ತಿಂಗಳ ತಪ್ಪು ಜುಲೈಗೆ ಅಂಟುತ್ತದೆ.

ಕಂಪ್ಯೂಟರ್ ಮಾದರಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೂ ಕ್ಯಾಲಿಫೋರ್ನಿಯಾವೇ ಸಾಕ್ಷಿ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2020ರಲ್ಲಿ ಆ ಕಡಲಿಗೆ ಮಾದರಿ ಆಧರಿಸಿದ ಗಾಳಿ ದತ್ತಾಂಶ ಪ್ರಕಟಿಸಿತ್ತು. ಹಂಬೋಲ್ಟ್ ಮತ್ತು ಮೊರೊ ಬೇ ಎದುರಿನ ಎರಡು ಬೋಯ್‌ಗಳ ಲೈಡಾರ್ ಅಳತೆ ಕೈಗೆ ಬಂದಾಗ ಮಾದರಿ ಗಾಳಿಯನ್ನು ಗಣನೀಯವಾಗಿ ಹೆಚ್ಚು ತೋರಿಸಿದ್ದು ಬಯಲಾಯಿತು. ತಂಪು ನೀರಿನ ಮೇಲಿನ ಗಾಳಿಪದರವನ್ನು ಮಾದರಿ ನಡೆಸಿಕೊಳ್ಳುತ್ತಿದ್ದ ರೀತಿಯಲ್ಲೇ ತೊಂದರೆ ಇತ್ತು. ಅವರು ಆ ಭಾಗದ ಸೂತ್ರವನ್ನು ಬದಲಿಸಿ ಹೊಸ ದತ್ತಾಂಶ ಹೊರಡಿಸಿದರು. ಮನ್ನಾರ್ ಕೊಲ್ಲಿಯ ಬಗ್ಗೆ ಇಂದು ಕೇಳಿಬರುವ ಭರವಸೆಯ ಅಂಕಿಗಳು ಬಹುಪಾಲು ಮಾದರಿಗಳಿಂದ ಬಂದವು. ಧನುಷ್ಕೋಡಿಯಲ್ಲಿ ನೆಲದ ಮೇಲೊಂದು 100 ಮೀಟರ್ ಕಂಬವಿದೆ, ಆದರೆ ಮರಳುದಿಣ್ಣೆಯ ಮೇಲಿನ ಗಾಳಿ 30 ಕಿಲೋಮೀಟರ್ ಆಚೆಯ ನೀರಿನ ಮೇಲಿನ ಗಾಳಿಯಲ್ಲ. ಘಟ್ಟದ ಕಣಿವೆಗಳಿಂದ ನುಗ್ಗಿ ಕನ್ಯಾಕುಮಾರಿಯ ತುದಿಯನ್ನು ಬಳಸಿ ಹಾಯುವ ಮುಂಗಾರು ಗಾಳಿ ಕೊಲ್ಲಿಯ ಮೇಲೆ ಎಲ್ಲಿ ಗಟ್ಟಿಯಾಗುತ್ತದೆ, ಎಲ್ಲಿ ಸಡಿಲಗೊಳ್ಳುತ್ತದೆ ಎಂಬುದನ್ನು 31 ಕಿಲೋಮೀಟರಿನ ಜಾಲ ಹೇಳಲಾರದು.

ಯಂತ್ರಗಳು ಒಂದರ ಹಿಂದೊಂದು ನಿಂತಾಗಿನ ನಷ್ಟವೂ ಇದೇ ಉಪಕರಣಗಳಿಂದಲೇ ತಿಳಿಯಬೇಕು. ಶಾಂತವಾದ ಪದರದಲ್ಲಿ ಸ್ಥಾವರದ ಹಿಂದಿನ ಸೋತ ಗಾಳಿ 70 ಕಿಲೋಮೀಟರಿನವರೆಗೂ ಉಳಿಯುವುದನ್ನು ಜರ್ಮನ್ ಕೊಲ್ಲಿಯ ಮೇಲೆ ವಿಮಾನದಿಂದ ಅಳೆದಿದ್ದಾರೆ, ಉಪಗ್ರಹ ಚಿತ್ರದಲ್ಲೂ ಅದು ಬಾಲದಂತೆ ಕಾಣುತ್ತದೆ. 2019ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಪನಿ ಈ ನಷ್ಟವನ್ನು ತಾನು ಕಡಿಮೆ ಅಂದಾಜು ಮಾಡಿದ್ದೆನೆಂದು ಹೇಳಿ ತನ್ನ ಲಾಭದ ನಿರೀಕ್ಷೆಯನ್ನು ಇಳಿಸಿತು. ಅಕ್ಕಪಕ್ಕದ ವಲಯಗಳನ್ನು ಬೇರೆಬೇರೆ ಕಂಪನಿಗಳಿಗೆ ಹಂಚುವ ನಮ್ಮ ನಕ್ಷೆಯಲ್ಲಿ ಮುಂಗಾರಿನ ಗಾಳಿಗೆ ಯಾರು ಮುಂದೆ, ಯಾರು ಹಿಂದೆ ಎಂಬುದು ಹರಾಜಿಗೆ ಮೊದಲೇ ತೀರ್ಮಾನವಾಗಬೇಕಾದ ವಿಷಯ.

ನೆದರ್‌ಲ್ಯಾಂಡ್ಸ್ ಇದಕ್ಕೊಂದು ದಾರಿ ತೋರಿಸಿದೆ. ಅಲ್ಲಿ ಬಿಡ್ಡುದಾರರು ಅಳೆಯುವುದಿಲ್ಲ, ಸರ್ಕಾರ ಅಳೆಯುತ್ತದೆ. ಬೊರ್ಸೆಲೆ ವಲಯದಿಂದ ಮೊದಲ್ಗೊಂಡು ಹರಾಜಿಗಿಡುವ ಪ್ರತಿ ಕಡಲ ವಲಯದಲ್ಲೂ ತೇಲುವ ಲೈಡಾರ್ ಇಳಿಸಿ, ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟು, ಆಮೇಲೆ ಬಿಡ್ಡು ಕರೆಯುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಗಾಳಿ ಇರುವುದರಿಂದ ಪೈಪೋಟಿ ಕಟ್ಟುವ ಖರ್ಚಿನ ಮೇಲೆ ನಡೆಯುತ್ತದೆ. 2018ರಲ್ಲಿ ಹೊಲಾಂಡ್ಸೆ ಕುಸ್ಟ್ ದಕ್ಷಿಣ ವಲಯದ ಹರಾಜಿನಲ್ಲಿ ಸಹಾಯಧನವನ್ನೇ ಕೇಳದ ಬಿಡ್ಡು ಗೆದ್ದಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಸರ್ಕಾರವೇ ಗ್ರಿಡ್ಡನ್ನು ಕಡಲಿನವರೆಗೂ ಎಳೆದುಕೊಟ್ಟದ್ದು ದೊಡ್ಡದು. ಆದರೆ ಗಾಳಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ ಎಂಬುದೂ ಸಣ್ಣದಲ್ಲ.

ನಮ್ಮಲ್ಲಿ ಮುಂದಿನ ಹರಾಜಿಗೆ ಮೊದಲು ಮನ್ನಾರ್ ಕೊಲ್ಲಿಯಲ್ಲಿ ಕನಿಷ್ಠ ಎರಡು ಕಡೆ, ಪ್ರತಿ ಕಡೆ ಜೋಡಿ ಬೋಯ್, ಹಿಂಗಾರು ಮುಗಿದ ಮೇಲೆ ಮಾರ್ಚಿನೊಳಗೆ ಇಳಿಯಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಜೋಡಿಯೊಳಗೆ ಹೋಲಿಕೆ ಮುಗಿದರೆ ಜೂನ್ ಗಾಳಿ ಬರುವ ಹೊತ್ತಿಗೆ ಉಪಕರಣ ನಂಬಿಕೆಗೆ ಅರ್ಹವಾಗಿರುತ್ತದೆ. ಅಳತೆಯ ಎತ್ತರಗಳು 40ರಿಂದ 280 ಮೀಟರ್‌ವರೆಗೆ, ಜೊತೆಗೆ ನೀರಿನ ಉಷ್ಣತೆ, 4 ಮೀಟರಿನ ಗಾಳಿಯ ಉಷ್ಣತೆ ಮತ್ತು ತೇವ, ವಾಯುಭಾರ, ಅಲೆ, ಸೆಳೆತ. ಉಷ್ಣತೆಯ ಎರಡು ಮಾಪಕಗಳಿಗೆ ಹೆಚ್ಚು ಖರ್ಚಿಲ್ಲ, ಆದರೆ ಅವಿಲ್ಲದೆ ಉಪಗ್ರಹದ 10 ಮೀಟರ್ ಗಾಳಿಯನ್ನು ಮೇಲಕ್ಕೆ ಏರಿಸಲಾಗುವುದಿಲ್ಲ. ಗುಜರಾತಿನಲ್ಲಿ ಚಂಡಮಾರುತದ ಲೆಕ್ಕವೂ ಸೇರಬೇಕು. 2021ರ ಮೇ 17ರಂದು ತೌಕ್ತೇ ನೆಲ ಮುಟ್ಟಿದ್ದು ದಿಯು–ಊನಾ ಬಳಿ, ಈ ವಲಯಗಳ ಪಕ್ಕದಲ್ಲೇ. ಯಂತ್ರ ತಡೆಯಬೇಕಾದ 50 ವರ್ಷದ ಗರಿಷ್ಠ ಗಾಳಿಯನ್ನು ಎರಡು ವರ್ಷದ ಲೈಡಾರ್ ದಾಖಲೆಯಿಂದ ತೆಗೆಯಲಾಗುವುದಿಲ್ಲ. ಅದಕ್ಕೆ ಹವಾಮಾನ ಇಲಾಖೆಯ ಚಂಡಮಾರುತ ಹಾದಿಗಳ ಹಳೆಯ ದಾಖಲೆ ಬೇಕು.

ದತ್ತಾಂಶ ಪ್ರಕಟಿಸುವಾಗ 10 ನಿಮಿಷದ ಸರಾಸರಿಯ ಜೊತೆಗೆ ಸಂಕೇತ ಬಲ, ಬೋಯ್ ಚಲನೆ, ತುಂಬಿಸಿದ ಸಾಲುಗಳ ಗುರುತು, ಪರೀಕ್ಷಾ ವರದಿ ಇವೆಲ್ಲ ಇರಬೇಕು. ಬರೀ ತಿಂಗಳ ಸರಾಸರಿಯ ಪಟ್ಟಿ ಕೊಟ್ಟರೆ ಬ್ಯಾಂಕಿನ ಎಂಜಿನಿಯರ್ ಅದನ್ನು ಪರಿಶೀಲಿಸಲಾರ, ಪರಿಶೀಲಿಸಲಾಗದ ಅಂಕಿಗೆ ಅವನು ಮತ್ತೆ ಶೇ 10ರ ಅನಿಶ್ಚಿತತೆಯನ್ನೇ ಹಾಕುತ್ತಾನೆ.